ಲಂಡನ್ನಿನ ಹೊರವಲಯದಲ್ಲಿ ಒಳ್ಳೆಯ ಭಾರತೀಯ ಹೋಟೆಲ್ ಹುಡುಕುವ ಬಗೆ

ರೈಸ್ಲಿಪ್, ಅಪ್‌ಮಿನ್‌ಸ್ಟರ್, ಸರ್ಬಿಟನ್, ಕೋಲ್ಸ್‌ಡನ್‌ನಂಥ ಶಾಂತ ಬಡಾವಣೆಗಳಲ್ಲಿ ಮನೆ ಹಿಡಿದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಬಾಯಿಗೆ ಹಿಡಿಸುವ ನಮ್ಮ ಕಡೆಯ ಊಟ ಎಲ್ಲಿ ಸಿಗುತ್ತೆ?" ಪೇಟೆಬೀದಿಯಲ್ಲಿ ಎರಡು ಮೂರು 'ಇಂಡಿಯನ್' ಬೋರ್ಡುಗಳು ಕಾಣುತ್ತವೆ. ಒಂದರೊಳಗೆ ಹೋಗಿ ತಿಂದರೆ ಸಿಹಿ ಸಿಹಿ ಗ್ರೇವಿ ಸಿಗುತ್ತದೆ. ಆಮೇಲೆ ಈ ಕಡೆ ಒಳ್ಳೆಯ ಊಟವೇ ಇಲ್ಲವೆಂದು ತೀರ್ಮಾನಿಸಿ ಫ್ರೀಜರ್ ಪರಾಠಾಕ್ಕೆ ಒಗ್ಗಿಕೊಳ್ಳುತ್ತಾರೆ. ಆದರೆ ಬೋರ್ಡು ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಒಳಗಿನ ಅಡುಗೆಮನೆ ಯಾರ ನಾಲಿಗೆಗಾಗಿ ಅಡುಗೆ ಮಾಡುತ್ತಿದೆ ಎಂಬುದನ್ನು ಗುರುತಿಸಲು ಕಲಿಯಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಬೇಕಾದದ್ದು ಇಷ್ಟೇ: ನಿಮ್ಮ ಮನೆಯ ಪೋಸ್ಟ್‌ಕೋಡ್, ನಕ್ಷೆ ಇರುವ ಫೋನು, ಬಸ್ಸು ರೈಲಿಗೆ ತೋರಿಸಲು ಆಯ್‌ಸ್ಟರ್ ಅಥವಾ ಕಾಂಟ್ಯಾಕ್ಟ್‌ಲೆಸ್ ಕಾರ್ಡು, ಎರಡು ಮೂರು ವಾರಾಂತ್ಯಗಳ ತಾಳ್ಮೆ.

1. ಬೋರ್ಡಿನ ಹಿಂದೆ ಯಾರಿದ್ದಾರೆ ತಿಳಿಯಿರಿ

ಬ್ರಿಟನ್ನಿನ ಸಣ್ಣ ಪೇಟೆಗಳ 'ಇಂಡಿಯನ್' ಹೋಟೆಲುಗಳಲ್ಲಿ ಬಹುಪಾಲನ್ನು ಕಟ್ಟಿ ಬೆಳೆಸಿದವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಕುಟುಂಬಗಳು. ಇಂಥ ಹೋಟೆಲಿಗೆ ಇಲ್ಲಿ 'ಕರಿ ಹೌಸ್' ಎನ್ನುತ್ತಾರೆ. ಇಂಗ್ಲಿಷ್ ಗಿರಾಕಿಗಳ ರುಚಿಗೆ ದಶಕಗಳ ಕಾಲ ಹೊಂದಿಸುತ್ತ ಬಂದ ಅಲ್ಲಿನ ಅಡುಗೆಗೆ ಅದರದೇ ಕ್ರಮವಿದೆ. ಅಡುಗೆಯ ತಳಹದಿ 'ಬೇಸ್ ಗ್ರೇವಿ'. ದೊಡ್ಡ ಹಂಡೆಯಲ್ಲಿ ರಾಶಿ ಈರುಳ್ಳಿಗೆ ಒಂದಿಷ್ಟು ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ ಸೇರಿಸಿ, ಎಣ್ಣೆ ನೀರಿನಲ್ಲಿ ಬೇಯಿಸಿ ನುಣ್ಣಗೆ ರುಬ್ಬಿ ಇಟ್ಟುಕೊಳ್ಳುವ ರಸ ಅದು. ಮಾಂಸವನ್ನೂ ಮೊದಲೇ ಬೇಯಿಸಿರುತ್ತಾರೆ. ಆರ್ಡರ್ ಬಂದಾಗ ಬಾಣಲೆಗೆ ಎಣ್ಣೆ, ಬೆಳ್ಳುಳ್ಳಿ, ಮಸಾಲೆ ಪುಡಿ, ಎರಡು ಸೌಟು ಗ್ರೇವಿ, ಮಾಂಸ ಹಾಕಿ ಹತ್ತು ನಿಮಿಷದೊಳಗೆ ತಟ್ಟೆಗಿಳಿಸುತ್ತಾರೆ. ತೆಂಗಿನ ಪುಡಿ, ಕ್ರೀಮ್, ಸಕ್ಕರೆ ಬಿದ್ದರೆ ಕೊರ್ಮಾ. ಖಾರದ ಪುಡಿ, ನಿಂಬೆರಸ ಬಿದ್ದರೆ ಮದ್ರಾಸ್. ಖಾರ ಇನ್ನೂ ಏರಿ ಆಲೂಗಡ್ಡೆ ಸೇರಿದರೆ ವಿಂದಾಲೂ. ಬೇಳೆ ಸೇರಿದರೆ ದನ್ಸಾಕ್.

ಇದು ಕೆಟ್ಟ ಅಡುಗೆಯಲ್ಲ. ಚೆನ್ನಾಗಿ ಮಾಡುವ ಮನೆಗಳೂ ಇವೆ. ಆದರೆ ಸಾರು, ಪಲ್ಯ, ಹುಳಿಯ ನಿರೀಕ್ಷೆ ಇಟ್ಟುಕೊಂಡು ಅಲ್ಲಿಗೆ ಹೋಗುವುದು ನಿಮಗೂ ಅವರಿಗೂ ಅನ್ಯಾಯ.

ಉಳಿದವರು ತಮ್ಮ ಜನರಿಗಾಗಿಯೇ ಅಡುಗೆ ಮಾಡುವವರು: ಪಂಜಾಬಿಗಳು, ಗುಜರಾತಿಗಳು, ಶ್ರೀಲಂಕಾದ ತಮಿಳರು, ಮಲಯಾಳಿಗಳು, ಈಚಿನ ವರ್ಷಗಳಲ್ಲಿ ಹೈದರಾಬಾದಿನವರು, ಆಂಧ್ರದವರು. ಕನ್ನಡಿಗರೇ ನಡೆಸುವ ಹೋಟೆಲುಗಳು ವಿರಳ. ಹೆಸರಿನಲ್ಲಿ 'ಉಡುಪಿ' ಇದ್ದ ಮಾತ್ರಕ್ಕೆ ಅಡುಗೆಯವರು ಕರಾವಳಿಯವರೆಂದು ನಂಬಬೇಡಿ. ತಿಂಡಿಯ ವಿಷಯದಲ್ಲಿ ನಮ್ಮ ರುಚಿಗೆ ಹತ್ತಿರ ಬರುವುದು ತಮಿಳರ ಮತ್ತು ಮಲಯಾಳಿಗಳ ಹೋಟೆಲುಗಳೇ.

2. ದೂರವನ್ನು ಮೈಲಿಯಲ್ಲಿ ಅಳೆಯಬೇಡಿ, ರೈಲು ಮಾರ್ಗದಲ್ಲಿ ಅಳೆಯಿರಿ

ಹೊರವಲಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ನಕ್ಷೆಯಲ್ಲಿ ಮನೆಯ ಸುತ್ತ ವೃತ್ತ ಎಳೆದು ಅದರೊಳಗಷ್ಟೇ ಹುಡುಕುತ್ತಾರೆ. ಮೂರು ಮೈಲಿ ದೂರದ ಊರಿಗೆ ಎರಡು ಬಸ್ಸು ಬದಲಿಸಬೇಕಾಗಬಹುದು. ಎಂಟು ಮೈಲಿ ದೂರದ ಊರು ಒಂದೇ ರೈಲಿನಲ್ಲಿ ಸಿಗಬಹುದು. ಆದ್ದರಿಂದ ನಿಮ್ಮ ಸ್ಟೇಷನ್ನಿನಿಂದ ಬದಲಿಸದೆ ಹೋಗಬಹುದಾದ ಸ್ಟೇಷನ್ನುಗಳ ಪಟ್ಟಿ ಮಾಡಿ, ಅದರಲ್ಲಿ ಈ ಹೆಸರುಗಳಿವೆಯೇ ನೋಡಿ.

ಅಕ್ಸ್‌ಬ್ರಿಡ್ಜ್, ಹಿಲಿಂಗ್ಡನ್, ರೈಸ್ಲಿಪ್, ಈಸ್ಟ್‌ಕೋಟ್ ಕಡೆಯವರಿಗೆ ಪಿಕಡಿಲಿ ಲೈನ್ ದೊಡ್ಡ ವರ. ಅದೇ ರೈಲು ರೇನರ್ಸ್ ಲೇನ್, ಸೌತ್ ಹ್ಯಾರೋ ದಾಟಿ ಆಲ್ಪರ್ಟನ್‌ಗೆ ಹೋಗುತ್ತದೆ. ಮೊದಲೆರಡು ಕಡೆ ಶ್ರೀಲಂಕಾ ತಮಿಳರ ಅಂಗಡಿ ಹೋಟೆಲುಗಳಿವೆ. ಆಲ್ಪರ್ಟನ್‌ನಲ್ಲಿ ಇಳಿದರೆ ಈಲಿಂಗ್ ರೋಡ್ ಶುರು. ವೆಂಬ್ಲಿಯವರೆಗೂ ಗುಜರಾತಿ ಫರ್ಸಾಣ್ ಅಂಗಡಿ (ಕರಿದ ಖಾರದ ತಿಂಡಿಗಳ ಅಂಗಡಿ), ದೋಸೆ ಹೋಟೆಲು, ತರಕಾರಿ ಅಂಗಡಿಗಳ ಸಾಲು.

ಅಪ್‌ಮಿನ್‌ಸ್ಟರ್, ಹಾರ್ನ್‌ಚರ್ಚ್ ಕಡೆಯವರು ಡಿಸ್ಟ್ರಿಕ್ಟ್ ಲೈನ್ ಹಿಡಿದು ನೇರ ಈಸ್ಟ್ ಹ್ಯಾಮ್‌ಗೆ ಹೋಗಿ. ಸ್ಟೇಷನ್ ಹೊರಗಿನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ತಮಿಳು ಮತ್ತು ಕೇರಳದ ಹೋಟೆಲುಗಳು ಒತ್ತೊತ್ತಾಗಿವೆ. ರಾಮ್‌ಫರ್ಡ್, ಹೆರಾಲ್ಡ್ ವುಡ್‌ನವರಿಗೆ ಎಲಿಜಬೆತ್ ಲೈನ್ ಇದೆ. ಅದು ಇಲ್‌ಫರ್ಡ್, ಮ್ಯಾನರ್ ಪಾರ್ಕ್ ಮೂಲಕ ಹೋಗುತ್ತದೆ. ಮ್ಯಾನರ್ ಪಾರ್ಕ್‌ನಲ್ಲಿ ಇಳಿದರೆ ಅದೇ ಹೈ ಸ್ಟ್ರೀಟ್ ನಾರ್ತ್‌ನ ಇನ್ನೊಂದು ತುದಿ ಹತ್ತಿರ. ಪಶ್ಚಿಮದಲ್ಲಿ ಇದೇ ಲೈನ್ ಸೌತಾಲ್‌ಗೆ ಮುಟ್ಟಿಸುತ್ತದೆ. ಪಂಜಾಬಿ ಊಟಕ್ಕೆ ಅದಕ್ಕಿಂತ ಒಳ್ಳೆಯ ಬೀದಿ ಲಂಡನ್ನಿನಲ್ಲಿಲ್ಲ.

ದಕ್ಷಿಣದಲ್ಲಿ ಮಾರ್ಡನ್‌ನಿಂದ ನಾರ್ದರ್ನ್ ಲೈನಿನ ಮೂರನೇ ನಿಲ್ದಾಣ ಟೂಟಿಂಗ್ ಬ್ರಾಡ್‌ವೇ. ಅಲ್ಲಿಂದ ಟೂಟಿಂಗ್ ಬೆಕ್‌ವರೆಗೆ ನಡೆದರೆ ದಕ್ಷಿಣ ಭಾರತದ, ಶ್ರೀಲಂಕಾದ, ಪಾಕಿಸ್ತಾನದ ಅಡುಗೆ ಒಂದೇ ರಸ್ತೆಯಲ್ಲಿ ಸಿಗುತ್ತದೆ. ಸಟ್ಟನ್, ಕೋಲ್ಸ್‌ಡನ್ ಕಡೆಯವರಿಗೆ ಕ್ರಾಯ್ಡನ್ ಮತ್ತು ಥಾರ್ನ್‌ಟನ್ ಹೀತ್. ಸರ್ಬಿಟನ್‌ನವರು ವಿಂಬಲ್ಡನ್‌ವರೆಗೆ ರೈಲಿನಲ್ಲಿ ಹೋಗಿ ಟೂಟಿಂಗ್‌ಗೆ ಬಸ್ಸು ಹಿಡಿಯಬಹುದು.

ಇವು ತಿಂಗಳಿಗೆ ಒಂದೆರಡು ಸಲ ಹೋಗುವ ಜಾಗಗಳು. ವಾರದ ಮಧ್ಯೆ ಮನೆಯ ಹತ್ತಿರ ಒಂದು ಬೇಕೇ ಬೇಕು. ಅದಕ್ಕೆ ಮುಂದಿನ ಹಂತ.

3. ಮನೆಯ ಹತ್ತಿರದ ಹುಡುಕಾಟ

ನಕ್ಷೆಯಲ್ಲಿ 'ಇಂಡಿಯನ್ ರೆಸ್ಟೋರೆಂಟ್' ಎಂದು ಹುಡುಕಿದರೆ ಕರಿ ಹೌಸುಗಳೇ ಮೇಲೆ ಬರುತ್ತವೆ. ಬದಲಿಗೆ ತಿನಿಸಿನ ಹೆಸರು ಹಾಕಿ: ಇಡ್ಲಿ, ದೋಸಾ, ಆಪ್ಪಂ, ಪೊರೋಟಾ, ಕೊತ್ತು (ಪೊರೋಟಾವನ್ನು ಕೊಚ್ಚಿ ಮೊಟ್ಟೆ, ಮಾಂಸ, ತರಕಾರಿ ಜೊತೆ ಹುರಿದದ್ದು), ಥಾಲಿ, ಛೋಲೆ ಭಟೂರೆ, ಹೈದರಾಬಾದಿ, ಚೆಟ್ಟಿನಾಡ್. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಹಾಕಿ ನೋಡಬೇಕು, ಒಟ್ಟಿಗಲ್ಲ.

ಅಂಕಿಯ ಮೇಲೆ ಭಾರ ಹಾಕಬೇಡಿ. 4.7 ಕೊಟ್ಟವರಲ್ಲಿ ಹೆಚ್ಚಿನವರು ಕೊರ್ಮಾ ತಿಂದು ಖುಷಿಯಾದವರಾಗಿರಬಹುದು. ಅವರ ಖುಷಿ ನಿಜವಾದದ್ದೇ, ನಿಮಗೆ ಉಪಯೋಗವಿಲ್ಲ ಅಷ್ಟೆ. ವಿಮರ್ಶೆಗಳನ್ನು 'ಹೊಸದು ಮೊದಲು' ಎಂದು ಜೋಡಿಸಿ, ಅವುಗಳೊಳಗೆ ನಿಮಗೆ ಬೇಕಾದ ತಿನಿಸಿನ ಹೆಸರು ಹುಡುಕಿ. ಆಮೇಲೆ ಗಿರಾಕಿಗಳು ಹಾಕಿದ ಫೋಟೋ ನೋಡಿ. ಹೋಟೆಲಿನವರು ಹಾಕಿದ್ದು ಬೇಡ. ದೋಸೆಯ ಅಂಚು, ಚಟ್ನಿಯ ಬಣ್ಣ, ಸಾಂಬಾರಿನಲ್ಲಿ ತರಕಾರಿ ಇದೆಯೇ ಇಲ್ಲವೇ, ಪಕ್ಕದ ಟೇಬಲ್ಲಿನಲ್ಲಿ ಕೂತವರು ಕೈಯಲ್ಲಿ ತಿನ್ನುತ್ತಿದ್ದಾರೆಯೇ, ಎಲ್ಲವೂ ಅಲ್ಲಿ ಸಿಗುತ್ತದೆ.

ಫೋನಿಗಿಂತ ಚುರುಕಾಗಿ ಕೆಲಸ ಮಾಡುವ ಸುಳಿವುಗಳು ಬೀದಿಯಲ್ಲೇ ಇವೆ. ಹಸಿ ಕರಿಬೇವು, ನುಗ್ಗೆಕಾಯಿ, ಸಾಂಬಾರ್ ಈರುಳ್ಳಿ ಇಟ್ಟುಕೊಂಡಿರುವ ದಿನಸಿ ಅಂಗಡಿಯೊಂದು ಸುತ್ತಮುತ್ತ ಇದೆಯೆಂದರೆ ಅದನ್ನು ಕೊಳ್ಳುವ ಮನೆಗಳಿವೆ ಎಂದರ್ಥ. ಅಂಗಡಿಯವರನ್ನು "ನೀವು ಎಲ್ಲಿ ತಿನ್ನುತ್ತೀರಿ?" ಎಂದು ನೇರವಾಗಿ ಕೇಳಿ. 'ಚೆನ್ನಾಗಿರುವ ಹೋಟೆಲ್ ಯಾವುದು' ಎಂದರೆ ನಿಮ್ಮನ್ನು ಮೆಚ್ಚಿಸುವ ಉತ್ತರ ಬರುತ್ತದೆ. ದೊಡ್ಡ ಸರ್ಕಾರಿ ಆಸ್ಪತ್ರೆ ಹತ್ತಿರವಿದ್ದರೆ ಅದರ ಸುತ್ತಲಿನ ಬೀದಿಗಳನ್ನೂ ನೋಡಿ. ಕೇರಳದ ನರ್ಸುಗಳು ದೊಡ್ಡ ಸಂಖ್ಯೆಯಲ್ಲಿ ಕೆಲಸ ಮಾಡುವ ಕಡೆ ಪುಟ್ಟು, ಕಡಲೆ ಕರಿ, ಮೀನು ಸಾರು ಸಿಗುವ ಸಣ್ಣ ಹೋಟೆಲ್ ಹುಟ್ಟಿಕೊಳ್ಳುವುದು ಸಹಜ. ಕನ್ನಡ ಬಳಗದ ಯುಗಾದಿ, ದೀಪಾವಳಿ ಕಾರ್ಯಕ್ರಮಕ್ಕೆ ಹೋದರೆ ಅಂದಿನ ಊಟ ಮಾಡಿಕೊಟ್ಟವರು ಯಾರೆಂದು ವಿಚಾರಿಸಿಕೊಳ್ಳಿ.

ಪಬ್ಬುಗಳನ್ನೂ ಬಿಡಬೇಡಿ. ಪಶ್ಚಿಮ ಲಂಡನ್ನಿನಲ್ಲಿ ಪಂಜಾಬಿಗಳು ನಡೆಸುವ 'ದೇಸಿ ಪಬ್'ಗಳಿವೆ. ಕಾದ ಕಬ್ಬಿಣದ ತಟ್ಟೆಯಲ್ಲಿ ಈರುಳ್ಳಿ ಜೊತೆ ಬರುವ ಮಿಕ್ಸ್ಡ್ ಗ್ರಿಲ್ ಅಲ್ಲಿನ ಹೆಗ್ಗಳಿಕೆ. ಸಂಜೆ ಇಂಥ ಹೊತ್ತಿನ ಮೇಲೆ ಮಕ್ಕಳನ್ನು ಬಿಡದ ಪಬ್ಬುಗಳಿರುವುದರಿಂದ ಫೋನ್ ಮಾಡಿ ಹೋಗಿ.

4. ಮೆನು ಓದುವುದು

ಹೋಗುವ ಮೊದಲು ಮೆನು ಓದಿ. ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ಒಂದೇ ಪಟ್ಟಿಯಲ್ಲಿ ಕೊರ್ಮಾ, ಮದ್ರಾಸ್, ವಿಂದಾಲೂ, ದನ್ಸಾಕ್, ಪಾಥಿಯಾ, ಪ್ರತಿಯೊಂದಕ್ಕೂ ಚಿಕನ್, ಲ್ಯಾಂಬ್, ಪ್ರಾನ್, ಕಿಂಗ್ ಪ್ರಾನ್ ಎಂದು ನಾಲ್ಕು ಬೆಲೆ ಇದ್ದರೆ ಅದು ಬೇಸ್ ಗ್ರೇವಿಯ ಮನೆ. ಬಿರಿಯಾನಿಯ ಕೆಳಗೆ 'ವೆಜಿಟಬಲ್ ಕರಿಯೊಂದಿಗೆ' ಎಂದಿದ್ದರೆ ಪುಲಾವ್ ಅನ್ನವನ್ನೂ ಬೆಂದ ಮಾಂಸವನ್ನೂ ಬಾಣಲೆಯಲ್ಲಿ ಹುರಿದು ಕಲೆಸಿದ್ದು ಬರುತ್ತದೆ, ದಮ್ ಕಟ್ಟಿದ್ದಲ್ಲ. ರಾಯ್ತ ಮತ್ತು ಮಿರ್ಚಿ ಕಾ ಸಾಲನ್ ಜೊತೆ ಎಂದಿದ್ದರೆ ಹೈದರಾಬಾದಿ ಕೈ ಇರುವ ಸಂಭವ ಹೆಚ್ಚು. ದಮ್ ಬಿರಿಯಾನಿಯನ್ನು ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ಕೊಡುತ್ತೇವೆ ಎಂದು ಬರೆದಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯಿರಿ. ಹಂಡೆ ಖಾಲಿಯಾಗುವ ದಿನ ಮಾತ್ರ ಮಾಡುತ್ತಾರೆ ಎಂದರ್ಥ.

ದಕ್ಷಿಣ ಭಾರತದ ಮೆನುವಿನಲ್ಲಿ ದೋಸೆ 'ಸ್ಟಾರ್ಟರ್' ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿದ್ದರೆ ಅದು ಶೋಕಿಗೆ ಇಟ್ಟದ್ದು. ಹತ್ತು ಬಗೆಯ ದೋಸೆ, ಜೊತೆಗೆ ಇಡ್ಲಿ, ವಡೆ, ಉತ್ತಪ್ಪ, ಪೊಂಗಲ್ ಇದ್ದರೆ ದಿನವೂ ಹಿಟ್ಟು ರುಬ್ಬುವ ಮನೆ. ಮೆನು ಉದ್ದವಾದಷ್ಟೂ ಫ್ರೀಜರ್ ದೊಡ್ಡದು ಎಂಬುದು ಒಟ್ಟಾರೆ ನಿಯಮ. ದೋಸೆ, ಬಟರ್ ಚಿಕನ್, ಮಂಚೂರಿ, ಪಿಜ್ಜಾ ಎಲ್ಲ ಒಂದೇ ಕಡೆ ಇದ್ದರೆ ಮುಂದೆ ನಡೆಯಿರಿ.

ಮನೆಯ ಹತ್ತಿರ ಇರುವುದು ಕರಿ ಹೌಸ್ ಒಂದೇ ಆದರೆ? ಆಗಲೂ ದಾರಿ ಇದೆ. ಬಿಡುವಿನ ಸಂಜೆ ಹೋಗಿ, ಅಡುಗೆಯವರು ತಾವು ಉಣ್ಣುವ 'ಸ್ಟಾಫ್ ಕರಿ' ಸಿಗುತ್ತದೆಯೇ ಎಂದು ವಿನಯದಿಂದ ಕೇಳಿ. ಮೂಳೆ ಸಮೇತ ಸಣ್ಣ ಉರಿಯಲ್ಲಿ ಬೆಂದ ಮಾಂಸ, ಸಿಲ್ಹೆಟ್ಟಿನ ಶಾತ್ಕೊರಾ ಎಂಬ ದಪ್ಪ ಸಿಪ್ಪೆಯ ಹುಳಿಹಣ್ಣು ಹಾಕಿದ ಸಾರು, ಸಿಹಿನೀರಿನ ಮೀನು, ಬೇಯಿಸಿ ಹಿಸುಕಿ ಸಾಸಿವೆ ಎಣ್ಣೆ ಬೆರೆಸಿದ ಭೊರ್ತಾ ಇವು ಅವರ ನಿಜವಾದ ಕೈರುಚಿ. ಕೆಲವರು ಒಂದು ದಿನ ಮೊದಲೇ ಹೇಳಿ ಎನ್ನುತ್ತಾರೆ, ಹೇಳಿ. "ಖಾರ ಜಾಸ್ತಿ ಹಾಕಿ" ಎಂದಷ್ಟೇ ಹೇಳಬೇಡಿ. ಅದೇ ಗ್ರೇವಿಗೆ ಇನ್ನೊಂದು ಚಮಚ ಮೆಣಸಿನ ಪುಡಿ ಬೀಳುತ್ತದೆ, ಪುಡಿಯ ಹಸಿವಾಸನೆಯೂ ಉಳಿಯುತ್ತದೆ. ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಹೆಚ್ಚು, ಕ್ರೀಮ್ ಸಕ್ಕರೆ ಬೇಡ ಎಂದು ಬಿಡಿಸಿ ಹೇಳಿದರೆ ಬೇರೆಯೇ ಪದಾರ್ಥ ಬರುತ್ತದೆ.

5. ಸ್ವಚ್ಛತೆಯ ಅಂಕ

ಸ್ಥಳೀಯ ಕೌನ್ಸಿಲ್ಲಿನ (ನಮ್ಮ ನಗರಸಭೆಯಂಥದ್ದು) ಅಧಿಕಾರಿಗಳು ಹೋಟೆಲುಗಳನ್ನು ತಪಾಸಣೆ ಮಾಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ಜಾಲತಾಣದಲ್ಲಿ ಹೆಸರು ಅಥವಾ ಪೋಸ್ಟ್‌ಕೋಡ್ ಹಾಕಿದರೆ ಸಿಗುತ್ತದೆ. ವೇಲ್ಸ್‌ನಲ್ಲಿ, ಉತ್ತರ ಐರ್ಲೆಂಡಿನಲ್ಲಿ ಹಸಿರು ಕಪ್ಪು ಬಣ್ಣದ ಈ ಚೀಟಿಯನ್ನು ಬಾಗಿಲಲ್ಲಿ ಅಂಟಿಸುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಕಡ್ಡಾಯವಲ್ಲ. ಬಾಗಿಲಲ್ಲಿ ಚೀಟಿ ಕಾಣದಿದ್ದರೆ ಫೋನಿನಲ್ಲೇ ನೋಡಿಕೊಳ್ಳಿ.

ಇದು ರುಚಿಯ ಅಂಕವಲ್ಲ. ಆಹಾರವನ್ನು ಹೇಗೆ ಬೇಯಿಸಿ, ತಣಿಸಿ, ಇಡುತ್ತಾರೆ, ಜಾಗ ಎಷ್ಟು ಶುಚಿ, ದಾಖಲೆ ಮತ್ತು ನಿರ್ವಹಣೆ ಹೇಗಿದೆ ಎಂಬ ಮೂರನ್ನು ಮಾತ್ರ ನೋಡುತ್ತಾರೆ. 3 ಎಂದರೆ ತೃಪ್ತಿಕರ. 2 ಅಥವಾ ಕಡಿಮೆ ಇದ್ದರೆ ಬಿಡುವುದೇ ಲೇಸು, ರುಚಿ ಎಷ್ಟೇ ಹೊಗಳಿಸಿಕೊಂಡಿರಲಿ. ತಪಾಸಣೆಯ ದಿನಾಂಕವನ್ನೂ ನೋಡಿ. ಹಳೆಯ ಹೆಸರಿನ ಹೋಟೆಲಿಗೆ 'ತಪಾಸಣೆ ಬಾಕಿ' ಎಂದಿದ್ದರೆ ಮಾಲೀಕರು ಬದಲಾಗಿರಬಹುದು. ಆಗ ನೀವು ಓದಿದ ಹಳೆಯ ವಿಮರ್ಶೆಗಳು ಬೇರೆ ಅಡುಗೆಯವರ ಬಗ್ಗೆ ಬರೆದವು.

6. ಮೊದಲ ಸಲ ಏನು ತರಿಸಬೇಕು

ಮೊದಲ ಭೇಟಿ ಪರೀಕ್ಷೆಗೆ. ಇಬ್ಬರೇ ಹೋಗಿ, ಸರಳವಾದದ್ದನ್ನೇ ತರಿಸಿ. ಮಸಾಲೆ, ಬೆಣ್ಣೆ, ಚೀಸ್ ತಪ್ಪುಗಳನ್ನು ಮುಚ್ಚುತ್ತವೆ.

ದಕ್ಷಿಣದ ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿ, ಒಂದು ಸಾದಾ ದೋಸೆ, ಒಂದು ಕಾಫಿ ಸಾಕು. ಇಡ್ಲಿಯನ್ನು ಮೊದಲು ಚಟ್ನಿ ಇಲ್ಲದೆ ತಿನ್ನಿ. ಹಿಟ್ಟು ಹುಳಿ ಬರಲು 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಬೇಕು. ಇಂಗ್ಲೆಂಡಿನ ಚಳಿಗಾಲದ ರಾತ್ರಿ ಅಷ್ಟು ಬಿಸಿ ತಾನಾಗಿ ಸಿಗದು. ಶ್ರದ್ಧೆ ಇರುವವರು ಬೆಚ್ಚಗಿನ ಜಾಗದಲ್ಲಿ ಹಿಟ್ಟಿಟ್ಟು ಹೆಚ್ಚು ಹೊತ್ತು ಕಾಯುತ್ತಾರೆ. ಅವಸರದವರು ಸೋಡಾ ಅಥವಾ ಯೀಸ್ಟ್ ಹಾಕುತ್ತಾರೆ. ಸೋಡಾ ಹೆಚ್ಚಾದ ಇಡ್ಲಿ ತುಸು ಹಳದಿ ತಿರುಗಿ, ದೊಡ್ಡ ತೂತುಗಳಾಗಿ, ನಾಲಿಗೆಯ ಕೊನೆಗೆ ಸಾಬೂನಿನ ರುಚಿ ಬಿಡುತ್ತದೆ. ಯೀಸ್ಟ್ ಬಿದ್ದದ್ದು ಬ್ರೆಡ್ಡಿನಂತೆ ನಾರುತ್ತದೆ. ಚೆನ್ನಾಗಿ ಹುದುಗಿದ ಹಿಟ್ಟಿನದು ಸಣ್ಣ ಕಣ್ಣು, ತಿಳಿಹುಳಿ.

ದೋಸೆ ಕಾವಲಿಯಿಂದ ನೇರ ಬರಬೇಕು. ಬಣ್ಣ ಎಲ್ಲ ಕಡೆ ಒಂದೇ ಸಮನಾಗಿ ತಿಳಿ ಬಿಳಿಯಾಗಿದ್ದರೆ ಕಾವಲಿ ಕಾದಿರಲಿಲ್ಲ. ಕಾಯಿ ಚಟ್ನಿ ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಸಿಕ್ಕಿದರೆ ಒಣಕೊಬ್ಬರಿ ಪುಡಿಯದು. ಹಸಿ ಕಾಯಿ ಅಥವಾ ಹೆಪ್ಪುಗಟ್ಟಿಸಿದ ತುರಿಯಾದರೆ ಮೃದುವಾಗಿರುತ್ತದೆ. ಸಾಂಬಾರು ನಮ್ಮಲ್ಲಿನಂತೆ ಬೆಲ್ಲದ ಸಿಹಿ ಹೊಂದಿರಲಿಕ್ಕಿಲ್ಲ, ಅದನ್ನು ದೋಷವೆನ್ನಬೇಡಿ. ಬೇಳೆ ಕರಗಿದೆಯೇ, ಹುಣಸೆ ಬೆಂದಿದೆಯೇ, ಒಗ್ಗರಣೆ ಘಮ ಇದೆಯೇ ಇಷ್ಟು ನೋಡಿ.

ಉತ್ತರದ ಹೋಟೆಲಿನಲ್ಲಿ ದಾಲ್ ತಡ್ಕಾ ಮತ್ತು ತಂದೂರಿ ರೋಟಿ. ರೋಟಿಯ ಒಂದು ಮೈಯಲ್ಲಿ ಸುಟ್ಟ ಚುಕ್ಕೆ, ಅಂಟಿಸಿದ ಮೈ ಚಪ್ಪಟೆ ಇದ್ದರೆ ನಿಜವಾದ ತಂದೂರು. ದಾಲಿನ ಒಗ್ಗರಣೆ ಮೇಜಿಗೆ ಬಂದಾಗಲೂ ಪರಿಮಳ ಬಿಡುತ್ತಿರಬೇಕು.

ಸಮಯ ಸರಿಯಾಗಿ ಆರಿಸಿ. ಕರಿ ಹೌಸುಗಳಲ್ಲಿ ಅನೇಕವು ಸಂಜೆ ಐದರ ಮೇಲಷ್ಟೇ ತೆರೆಯುತ್ತವೆ. ಇನ್ನು ಕೆಲವು ಮಧ್ಯಾಹ್ನ ಮೂರರಿಂದ ಸಂಜೆವರೆಗೆ ಬಾಗಿಲು ಹಾಕುತ್ತವೆ, ಸೋಮವಾರ ಅಥವಾ ಮಂಗಳವಾರ ರಜೆ. ಭಾನುವಾರದ ಬಫೆಗೆ ಹೋಗುವುದಾದರೆ ಶುರುವಾದ ಅರ್ಧ ಗಂಟೆಯೊಳಗೆ ಹೋಗಿ. ನಿಯಮದಂತೆ ಬಿಸಿ ಪದಾರ್ಥವನ್ನು 63 ಡಿಗ್ರಿ ಸೆಲ್ಸಿಯಸ್ಸಿಗೆ ಅಥವಾ ಅದಕ್ಕಿಂತ ಬಿಸಿಯಾಗಿ ಇಡಬೇಕು. ಪಾತ್ರೆ ತೆರೆದಾಗ ಆವಿಯೇ ಏಳದಿದ್ದರೆ ಅದನ್ನು ಬಡಿಸಿಕೊಳ್ಳಬೇಡಿ.

7. ಸಸ್ಯಾಹಾರ ಮತ್ತು ಅಲರ್ಜಿ

'ವೆಜ್' ಎಂಬ ಹಸಿರು ಎಲೆಯ ಗುರುತು ಸಾಲದು. ನಾನ್ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ. ಬಜ್ಜಿ, ಸಮೋಸ ಕರಿಯುವ ಎಣ್ಣೆಯಲ್ಲೇ ಕೋಳಿಯನ್ನೂ ಕರಿಯುವವರಿದ್ದಾರೆ. ಶ್ರೀಲಂಕಾದ ಹೋಟೆಲಿನಲ್ಲಿ ತೆಂಗಿನ ಖಾರದ ಚಟ್ನಿಯಂಥ 'ಸಂಬೋಲ್'ಗೆ ಒಣಗಿಸಿದ ಟ್ಯೂನಾ ಮೀನಿನ ಚೂರು ಹಾಕುವ ಪದ್ಧತಿ ಇದೆ. ಅದಕ್ಕೆ 'ಮಾಲ್ಡೀವ್ ಫಿಶ್' ಎನ್ನುತ್ತಾರೆ. ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ವೆಂಬ್ಲಿ, ಕೆಂಟನ್ ಕಡೆಯ ಗುಜರಾತಿ ಹೋಟೆಲುಗಳ ಜೈನ ಪದಾರ್ಥಗಳು ಸುಲಭದ ದಾರಿ.

ಬ್ರಿಟನ್ನಿನ ಕಾನೂನು 14 ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕೆನ್ನುತ್ತದೆ. ಸಾಸಿವೆ, ಎಳ್ಳು, ಕಡಲೆಕಾಯಿ, ಗೋಡಂಬಿ ಬಾದಾಮಿ ಜಾತಿಯ ಬೀಜಗಳು, ಹಾಲು, ಗೋಧಿ ಎಲ್ಲ ಅದರಲ್ಲಿವೆ. ಗೋಧಿ ಆಗದವರು ಇಂಗಿನ ಬಗ್ಗೆ ಮರೆಯದೆ ಕೇಳಿ. ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ದೋಸೆ ಅಕ್ಕಿಯದೇ ಆದರೂ ಸಾಂಬಾರಿನಲ್ಲಿ ಗೋಧಿ ಸಿಕ್ಕಿಬಿಡುತ್ತದೆ. ಬೀಜಗಳ ಅಲರ್ಜಿ ಇದ್ದವರು ಮಾಣಿಯ ಬಾಯಿಮಾತಿಗೆ ನಿಲ್ಲದೆ, ಬರೆದಿಟ್ಟ ಪಟ್ಟಿ ತರಿಸಿ ನೋಡಿ. ಬಾದಾಮಿ ಪುಡಿಯ ಬದಲು ಕಡಲೆಕಾಯಿ ಬೆರೆತ ಅಗ್ಗದ ಪುಡಿ ಬಳಸಿದ್ದರಿಂದ ಗ್ರಾಹಕರೊಬ್ಬರು ಸತ್ತು, 2016ರಲ್ಲಿ ಹೋಟೆಲ್ ಮಾಲೀಕರೊಬ್ಬರಿಗೆ 6 ವರ್ಷ ಜೈಲಾಯಿತು. ಇದು ಸಂಕೋಚಪಡುವ ವಿಷಯವಲ್ಲ.

8. ಬಿಲ್ಲು

ಕೂತ ತಕ್ಷಣ ಬರುವ ಹಪ್ಪಳ, ಚಟ್ನಿ ತಟ್ಟೆ ಸಾಮಾನ್ಯವಾಗಿ ಪುಕ್ಕಟೆಯಲ್ಲ. ಬೇಡವಾದರೆ ಆಗಲೇ ಹೇಳಿ. ಅನ್ನ, ರೋಟಿಗೂ ಬೇರೆ ಬೆಲೆ. ಮದ್ಯದ ಲೈಸೆನ್ಸ್ ಇರುವ ಹೋಟೆಲು ಕೇಳಿದರೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕು. 'ಟ್ಯಾಪ್ ವಾಟರ್' ಎಂದೇ ಹೇಳಿ, ಬರೀ 'ವಾಟರ್' ಎಂದರೆ ಬಾಟಲಿ ಬರುತ್ತದೆ. ಶೇ. 12.5ರಷ್ಟು ಸರ್ವಿಸ್ ಚಾರ್ಜ್ ಸೇರಿಸಿ, ಐಚ್ಛಿಕ ಎಂದು ಬರೆದಿದ್ದರೆ ತೆಗೆಸಬಹುದು. ಕೊಟ್ಟರೆ 2024ರ ಅಕ್ಟೋಬರ್ 1ರಿಂದ ಜಾರಿಯಾದ ಕಾನೂನಿನಂತೆ ಆ ಹಣ ಪೂರ್ತಿ ಕೆಲಸಗಾರರಿಗೆ ಹೋಗಬೇಕು.

9. ಪಾರ್ಸೆಲ್ ಮತ್ತು ಮನೆ ಅಡುಗೆಯ ಡಬ್ಬಿ

ಡೆಲಿವರಿ ಆ್ಯಪಿನಲ್ಲಿ ಒಂದೇ ಅಡುಗೆಮನೆ ನಾಲ್ಕು ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು. ವಿಳಾಸ ಹೋಲಿಸಿ ನೋಡಿ. ಹೆಚ್ಚಿನ ಹೋಟೆಲುಗಳ ಬೆಲೆ ಆ್ಯಪಿಗಿಂತ ನೇರ ಫೋನಿನಲ್ಲಿ ಕಡಿಮೆ. ಹತ್ತು ನಿಮಿಷಕ್ಕಿಂತ ದೂರದಿಂದ ದೋಸೆ ತರಿಸಬೇಡಿ, ಡಬ್ಬಿಯ ಆವಿಗೆ ಮೆತ್ತಗಾಗುತ್ತದೆ. ಇಡ್ಲಿ, ಪೊಂಗಲ್, ಬಿರಿಯಾನಿ, ಪೊರೋಟಾ ದಾರಿ ತಾಳುತ್ತವೆ.

ಹೊರವಲಯದಲ್ಲಿ ಅತ್ಯುತ್ತಮ ಊಟ ಎಷ್ಟೋ ಸಲ ಹೋಟೆಲಿನದಲ್ಲ, ಮನೆಯಿಂದ ಡಬ್ಬಿ ಕಟ್ಟಿಕೊಡುವವರದು. ಬಿಸಿಬೇಳೆಬಾತ್, ಚಿತ್ರಾನ್ನ, ಹೋಳಿಗೆ ಸಿಗುವ ಸಾಧ್ಯತೆ ಇರುವುದೂ ಅಲ್ಲೇ. ದಿನಸಿ ಅಂಗಡಿಯ ನೋಟಿಸು ಹಲಗೆಯಲ್ಲಿ, ಬಡಾವಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವರ ನಂಬರು ಸಿಗುತ್ತದೆ. ಮನೆಯಲ್ಲಿ ಅಡುಗೆ ಮಾಡಿ ಮಾರುವವರೂ ಶುರು ಮಾಡುವ 28 ದಿನ ಮೊದಲು ಕೌನ್ಸಿಲ್ಲಿನಲ್ಲಿ ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. "ರಿಜಿಸ್ಟರ್ ಆಗಿದೆಯಾ ಅಕ್ಕ, ರೇಟಿಂಗ್ ಎಷ್ಟು?" ಎಂದು ಕೇಳಿದರೆ ಸರಿಯಾಗಿ ನಡೆಸುವವರು ಬೇಸರಪಡುವುದಿಲ್ಲ.

ತಿಂಗಳ ಹಣ ಮುಂಗಡ ಕೊಡಬೇಡಿ. ಮೊದಲ ವಾರ ದಿನದ ಲೆಕ್ಕದಲ್ಲಿ ತರಿಸಿ. ಡಬ್ಬಿ ಎಷ್ಟು ಮಿಲಿಲೀಟರಿನದು, ಅನ್ನ ಯಾವಾಗ ಮಾಡಿದ್ದು, ವಾರಕ್ಕೆಷ್ಟು ದಿನ ಪಲ್ಯ ಬದಲಾಗುತ್ತದೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಉಳಿದ ಅನ್ನವನ್ನು ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವುದು ಒಂದೇ ಸಲ, ಆವಿ ಏಳುವವರೆಗೆ.